ಅಮೆರಿಕದ ಪ್ರಾಚೀನ ಮದ್ಯದ ಸೀಸೆಗಳ ಸಂಗ್ರಹ

ಅಮೆರಿಕದ ಪ್ರಾಚೀನ ಮದ್ಯದ ಸೀಸೆಗಳ ಸಂಗ್ರಹವು ಪ್ರಾಚ್ಯವಸ್ತು ಸಂಗ್ರಹಣೆಯ ಒಂದು ಶಾಖೆ. 19ನೆಯ ಶತಮಾನದಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ಗಾಜಿನ ಕಾರ್ಖಾನೆಗಳಲ್ಲಿ ಬಾಯಿಯಿಂದ ಊದಿ ತಯಾರಿಸಿದ ವಿಸ್ಕಿ ಸೀಸೆಗಳು ಇದರಲ್ಲಿ ಪ್ರಧಾನವಾದವು. ಸೀಸೆಯ ಬೆಲೆಯು ಅದರ ವಿರಳತೆ, ಬಣ್ಣ ಮತ್ತು ಸ್ಥಿತಿಯನ್ನು ಅವಲಂಬಿಸಿದ್ದರೂ, ಅದು ಅಸಲಿಯೇ ಎಂಬುದೇ ಮೊದಲು ನಿರ್ಣಯವಾಗಬೇಕಾದ ಪ್ರಶ್ನೆ.

ಇತಿಹಾಸ

ಸುಮಾರು 1815ರಿಂದ 1870ರವರೆಗೆ ಉಬ್ಬುಚಿತ್ರಗಳುಳ್ಳ ಚಪ್ಪಟೆಯಾದ ಫ್ಲಾಸ್ಕ್‌ಗಳು ವಿಶೇಷವಾಗಿ ಬಳಕೆಯಲ್ಲಿದ್ದವು. ಇವುಗಳ ಮೇಲೆ ಜಾರ್ಜ್ ವಾಷಿಂಗ್ಟನ್ನನ ಮುಖ, ಹದ್ದು, ರೈಲುಮಾರ್ಗದ ಆಗಮನವನ್ನು ಹಾರೈಸುವ ಬರಹ ಮೊದಲಾದವು ಕಾಣಸಿಗುತ್ತವೆ. ಸ್ವೀಡನ್ನಿನ ಗಾಯಕಿ ಜೆನ್ನಿ ಲಿಂಡ್ 1850ರಲ್ಲಿ ಅಮೆರಿಕ ಪ್ರವಾಸ ಕೈಗೊಂಡಾಗ ಆಕೆಯ ಚಿತ್ರವೂ ಸೀಸೆಗಳಿಗೆ ಏರಿತು. ಹೀಗಾಗಿ ಇವು ಆ ಕಾಲದ ರಾಜಕೀಯ ಮತ್ತು ಜನಾಭಿರುಚಿಯ ದಾಖಲೆಗಳೂ ಆಗಿವೆ.

ವರ್ಗೀಕರಣ

ಜಾರ್ಜ್ ಮೆಕೀರಿನ್ ಮತ್ತು ಆತನ ಮಗಳು ಹೆಲೆನ್ ಮೆಕೀರಿನ್ 1941ರಲ್ಲಿ ಪ್ರಕಟಿಸಿದ ‘ಅಮೆರಿಕನ್ ಗ್ಲಾಸ್’ ಗ್ರಂಥವು ಫ್ಲಾಸ್ಕ್‌ಗಳನ್ನು ಚಿತ್ರದ ವಿಷಯಕ್ಕೆ ಅನುಗುಣವಾಗಿ ಗುಂಪುಗಳಾಗಿ ವಿಂಗಡಿಸಿತು. ಈ ಸಂಖ್ಯಾಕ್ರಮವು ಹರಾಜು ಪಟ್ಟಿಗಳಲ್ಲಿ ಇಂದಿಗೂ ಬಳಕೆಯಲ್ಲಿದೆ.

ಕಾಲನಿರ್ಣಯ

ಸೀಸೆಯ ಬಾಯಿಯನ್ನು ರೂಪಿಸುವಾಗ ಅದರ ತಳಕ್ಕೆ ‘ಪಾಂಟಿಲ್’ ಎಂಬ ಕಬ್ಬಿಣದ ಸಲಾಕೆಯನ್ನು ಅಂಟಿಸುತ್ತಿದ್ದರು. ಅದನ್ನು ಬಿಡಿಸಿದಾಗ ಉಳಿಯುವ ಒರಟು ಗಾಯದ ಗುರುತು ಸಾಮಾನ್ಯವಾಗಿ 1860ರ ದಶಕಕ್ಕಿಂತ ಹಿಂದಿನ ಸೀಸೆಗಳಲ್ಲಿರುತ್ತದೆ. ಬಾಯಿಯನ್ನು ಕೈಯಿಂದ ರೂಪಿಸಿದ್ದರೆ ಅಚ್ಚಿನ ಜೋಡಣೆಯ ಗೆರೆಯು ಅಂಚಿನ ಕೆಳಗೇ ನಿಲ್ಲುತ್ತದೆ. 20ನೆಯ ಶತಮಾನದ ಆರಂಭದಲ್ಲಿ ಬಂದ ಓವೆನ್ಸ್ ಯಂತ್ರದಂತಹ ಸ್ವಯಂಚಾಲಿತ ಯಂತ್ರಗಳ ಸೀಸೆಯಲ್ಲಿ ಅದು ಅಂಚನ್ನೂ ದಾಟುತ್ತದೆ. ಮಾರಾಟ ಅಥವಾ ಮರುಬಳಕೆಯನ್ನು ಫೆಡರಲ್ ಕಾನೂನು ನಿಷೇಧಿಸುತ್ತದೆ ಎಂಬ ಬರಹವಿರುವ ಮದ್ಯದ ಸೀಸೆಗಳು 1935ರಿಂದ 1964ರ ನಡುವಿನ ಅವಧಿಗೆ ಸೇರಿದವು.

ನಕಲು ಮತ್ತು ಮಾರ್ಪಾಡು

ಗಾಜಿನ ಮೇಲಿನ ಬರಹವೊಂದನ್ನೇ ನಂಬುವಂತಿಲ್ಲ ಎಂಬುದಕ್ಕೆ ಫಿಲಡೆಲ್ಫಿಯಾದ ಮದ್ಯ ವ್ಯಾಪಾರಿ ಇ. ಜಿ. ಬೂಜ್‌ನ ಸೀಸೆ ಪ್ರಸಿದ್ಧ ನಿದರ್ಶನ. ಮರದ ಗುಡಿಸಲಿನ ಆಕಾರದ ಈ ಸೀಸೆಯ ಛಾವಣಿಯ ಮೇಲೆ 1840 ಎಂದಿದ್ದರೂ, ಅದು ನ್ಯೂಜೆರ್ಸಿಯ ಗ್ಲಾಸ್‌ಬರೋದ ವಿಟ್ನಿ ಕಾರ್ಖಾನೆಯಲ್ಲಿ 1860ರ ದಶಕದಲ್ಲಿ ತಯಾರಾದದ್ದು. ಮದ್ಯವನ್ನು ಸೂಚಿಸುವ ‘ಬೂಜ್’ ಎಂಬ ಇಂಗ್ಲಿಷ್ ಪದವು ಈತನ ಹೆಸರಿನಿಂದ ಬಂದಿತೆಂಬ ಕಥೆಯೂ ಸರಿಯಲ್ಲ. ಆ ಪದವು ಶತಮಾನಗಳಷ್ಟು ಹಳೆಯದು. ಮೂಲ ಸೀಸೆಯ ಬೇಡಿಕೆಯಿಂದಾಗಿ 1930ರ ದಶಕದಲ್ಲಿ ಅದೇ ರಾಜ್ಯದ ಕ್ಲೇಟನ್ನಿನಲ್ಲಿದ್ದ ಕ್ಲೆವೆಂಜರ್ ಸಹೋದರರ ಕಾರ್ಖಾನೆಯು ಅದರ ಪ್ರತಿಕೃತಿಗಳನ್ನು ತಯಾರಿಸಿತು. ಇವು ಸಹ ಬಾಯಿಯಿಂದ ಊದಿದವಾದ್ದರಿಂದ ಕೈಕೆಲಸದ ಲಕ್ಷಣವಿದ್ದ ಮಾತ್ರಕ್ಕೆ ಸೀಸೆಯನ್ನು ಅಸಲಿಯೆಂದು ತೀರ್ಮಾನಿಸಲಾಗದು. ಅಕ್ಷರಗಳ ಆಕಾರ, ಅಚ್ಚಿನ ವಿವರ ಮತ್ತು ತಳದ ಸವೆತವನ್ನು ಒಟ್ಟಿಗೆ ಪರಿಶೀಲಿಸಬೇಕಾಗುತ್ತದೆ.

ಬಣ್ಣವನ್ನು ಬದಲಿಸುವುದು ಇನ್ನೊಂದು ಬಗೆಯ ಮಾರ್ಪಾಡು. ಗಾಜಿನ ಹಸಿರು ಛಾಯೆಯನ್ನು ನೀಗಲು ಮ್ಯಾಂಗನೀಸ್ ಬೆರೆಸಿದ ಸೀಸೆಯು ದೀರ್ಘಕಾಲ ಬಿಸಿಲಿಗೆ ಒಡ್ಡಿಕೊಂಡಾಗ ತಾನಾಗಿಯೇ ತಿಳಿ ನೇರಳೆಯಾಗುತ್ತದೆ. ಇದನ್ನೇ ವಿಕಿರಣದ ಮೂಲಕ ಶೀಘ್ರವಾಗಿ ಸಾಧಿಸಿ, ಕಡುನೇರಳೆ ಸೀಸೆಗಳನ್ನು ಸಹಜವೆಂಬಂತೆ ಮಾರುವುದುಂಟು. ಒಡೆದ ಭಾಗವನ್ನು ರಾಳದಿಂದ ತುಂಬಿದ್ದರೆ ಅದನ್ನು ನೇರಳಾತೀತ ಬೆಳಕಿನಲ್ಲಿ ಪತ್ತೆಹಚ್ಚಬಹುದು.

ವ್ಯಾಪಾರ ಮತ್ತು ಕಾನೂನು

ಹರಾಜು, ಸಂಗ್ರಾಹಕರ ಮೇಳ ಮತ್ತು ಖಾಸಗಿ ವಿನಿಮಯಗಳ ಮೂಲಕ ಸೀಸೆಗಳು ಕೈಬದಲಾಗುತ್ತವೆ. ಮರಳಿನಲ್ಲಿರುವ ಕಬ್ಬಿಣದ ಅಂಶದಿಂದ ಬರುವ ತಿಳಿ ನೀಲಿ-ಹಸಿರು ಬಣ್ಣ ಸಾಮಾನ್ಯ. ಅದೇ ಅಚ್ಚಿನ ಕಡುನೀಲಿ ಸೀಸೆಗೆ ಹಲವು ಪಟ್ಟು ಬೆಲೆ ಬರಬಹುದು. ಹಳೆಯ ಮನೆಗಳ ಕಸದ ಹಾಗೂ ಪಾಯಖಾನೆಯ ಗುಂಡಿಗಳನ್ನು ಅಗೆದು ಸೀಸೆ ಹುಡುಕುವ ರೂಢಿಯಿದೆ. ಆದರೆ ಹಾಗೆ ಅಗೆದಾಗ ಮಣ್ಣಿನ ಪದರಗಳ ಕ್ರಮ ಕೆಟ್ಟು, ಸೀಸೆಯ ಕಾಲವನ್ನು ತಿಳಿಸಬಲ್ಲ ಪುರಾತತ್ತ್ವ ಸಾಕ್ಷ್ಯವು ನಾಶವಾಗುತ್ತದೆ. 1979ರ ಪುರಾತತ್ತ್ವ ಸಂಪನ್ಮೂಲ ಸಂರಕ್ಷಣಾ ಕಾಯಿದೆಯನ್ವಯ, ಫೆಡರಲ್ ಸರ್ಕಾರದ ಭೂಮಿಯಿಂದ 100 ವರ್ಷಕ್ಕೂ ಹಳೆಯದಾದ ಪುರಾತತ್ತ್ವ ಅವಶೇಷಗಳನ್ನು ಪರವಾನಗಿಯಿಲ್ಲದೆ ಅಗೆದು ತೆಗೆಯುವುದು ಅಪರಾಧವಾಗಿದೆ.