ಸೈನಿಕವಾದ

ಸೈನಿಕವಾದ ಎಂದರೆ ಸೇನಾಬಲವನ್ನೂ ಯುದ್ಧದ ಮೌಲ್ಯಗಳನ್ನೂ ಸಮಾಜದ ಇತರ ಹಿತಗಳಿಗಿಂತ ಮೇಲೆಂದು ಭಾವಿಸುವ ಧೋರಣೆ. ಸೇನೆಯನ್ನು ಹೊಂದಿರುವುದೇ ಸೈನಿಕವಾದವಲ್ಲ. ಆಡಳಿತ, ಸಂಪತ್ತು, ಗೌರವಗಳೆಲ್ಲವೂ ಯುದ್ಧದ ಅಗತ್ಯಕ್ಕೆ ಅಧೀನವಾದಾಗ ಅದು ರೂಪುಗೊಳ್ಳುತ್ತದೆ. ಪ್ರಷ್ಯ ಮತ್ತು 1945ರವರೆಗಿನ ಜಪಾನ್ ಇದರ ಪ್ರಸಿದ್ಧ ಉದಾಹರಣೆಗಳು. ಸೇನಾಬಲಕ್ಕೂ ಸಮಾಜಕ್ಕೂ ಇದ್ದ ಸಂಬಂಧವನ್ನು ಇಂದಿನ ಹಾವೇರಿ ಜಿಲ್ಲೆಯ ಇತಿಹಾಸದಲ್ಲಿಯೂ ಗುರುತಿಸಬಹುದು.

ವೀರಗಲ್ಲುಗಳು

ಹಾನಗಲ್ಲು, ಹಿರೇಕೆರೂರು ಭಾಗಗಳಲ್ಲಿ ಅನೇಕ ವೀರಗಲ್ಲುಗಳಿವೆ. ಸಾಮಾನ್ಯವಾಗಿ ಇವುಗಳ ಕೆಳಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವಸನ್ನಿಧಿ ಇರುತ್ತವೆ. ಮಡಿದವನ ಕುಟುಂಬಕ್ಕೆ ನೀಡುತ್ತಿದ್ದ ಭೂಮಿಯನ್ನು ನೆತ್ತರುಗೊಡಗೆ ಎನ್ನುತ್ತಿದ್ದರು. ಹೀಗೆ ಧರ್ಮ, ಕಲೆ ಮತ್ತು ಭೂಹಂಚಿಕೆ ಮೂರೂ ರಣಮರಣಕ್ಕೆ ಗೌರವ ತಂದುಕೊಟ್ಟವು. ಆದರೆ ಎಲ್ಲ ವೀರಗಲ್ಲುಗಳೂ ಅರಸರ ಯುದ್ಧಗಳಿಗೆ ಸಂಬಂಧಿಸಿದವಲ್ಲ. ತುರುಗೋಳ್ (ದನಗಳ ಅಪಹರಣ), ಊರಳಿವು, ಪೆಣ್ಬುಯ್ಯಲ್ (ಹೆಂಗಸರ ಮೊರೆ) ಇಂತಹ ಸಂದರ್ಭಗಳಲ್ಲಿ ಊರನ್ನು ಕಾಯುತ್ತ ಮಡಿದ ಸಾಮಾನ್ಯರ ಸ್ಮಾರಕಗಳೂ ಇವೆ. ಇವು ಆತ್ಮರಕ್ಷಣೆಯನ್ನು ಸೂಚಿಸುವುದರಿಂದ ಇವುಗಳನ್ನು ಸೈನಿಕವಾದವೆಂದು ಕರೆಯುವುದು ಸರಿಯಲ್ಲ.

ಸೇನೆ ಮತ್ತು ಆಡಳಿತ

ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರವು ರಾಷ್ಟ್ರಕೂಟ ದೊರೆ ಅಮೋಘವರ್ಷನ ಸೇನಾನಿ ಬಂಕೆಯನ ಹೆಸರನ್ನು ಹೊಂದಿದೆ. ಚೆಲ್ಲಕೇತನ ವಂಶದ ಬಂಕೆಯನಿಗೆ ಬನವಾಸಿ ಪ್ರಾಂತದ ಆಡಳಿತವೂ ದೊರೆತಿತ್ತು. ದಂಡನಾಯಕನೇ ನಾಡನ್ನಾಳುವ ಪದ್ಧತಿಗೆ ಇದು ನಿದರ್ಶನ. ಆದರೂ ಆ ಸಮಾಜ ಕೇವಲ ಯುದ್ಧಪರವಾಗಿರಲಿಲ್ಲ. ಬಂಕೆಯನ ಮಗ ಲೋಕಾದಿತ್ಯನ ಕಾಲದಲ್ಲಿ ಬಂಕಾಪುರ ಜೈನವಿದ್ಯೆಯ ಕೇಂದ್ರವಾಗಿತ್ತು. ಗುಣಭದ್ರಾಚಾರ್ಯರ ‘ಉತ್ತರಪುರಾಣ’ದ ಪ್ರಶಸ್ತಿಭಾಗ ಅವನನ್ನು ಸ್ಮರಿಸುತ್ತದೆ.

ಯುದ್ಧದ ಹೊರೆ

ಕದಂಬರ ರಾಜಧಾನಿಯಾಗಿದ್ದ ಹಾನಗಲ್ಲನ್ನು ಹೊಯ್ಸಳ ಇಮ್ಮಡಿ ಬಲ್ಲಾಳ 1196ರಲ್ಲಿ ಮುತ್ತಿದನು. ಮುಂದೆ ಸವಣೂರಿನ ನವಾಬರ ಸಂಸ್ಥಾನ ಮರಾಠ, ನಿಜಾಮ ಮತ್ತು ಮೈಸೂರು ಶಕ್ತಿಗಳ ನಡುವೆ ಸಿಲುಕಿತು. 1756ರಲ್ಲಿ ಪೇಶ್ವೆ ಬಾಳಾಜಿ ಬಾಜಿರಾವ್ ಮತ್ತು ನಿಜಾಮನ ಸೇನೆಗಳು ಸವಣೂರನ್ನು ಮುತ್ತಿದವು. ನವಾಬ ಕೆಲವು ಪ್ರದೇಶಗಳನ್ನು ಬಿಟ್ಟುಕೊಡಬೇಕಾಯಿತು. 1786ರಲ್ಲಿ ಟಿಪ್ಪು ಸುಲ್ತಾನನು ಪಟ್ಟಣವನ್ನು ವಶಪಡಿಸಿಕೊಂಡನು. ದೊಡ್ಡ ಸೇನೆಗಳು ದವಸ, ಮೇವು, ಎತ್ತುಗಳನ್ನು ತಾವು ಸಾಗುವ ನಾಡಿನಿಂದಲೇ ಪಡೆಯುತ್ತಿದ್ದ ಆ ಕಾಲದಲ್ಲಿ ಯುದ್ಧದ ಹೊರೆ ಹೆಚ್ಚಾಗಿ ರೈತರ ಮೇಲೆಯೇ ಬೀಳುತ್ತಿತ್ತು. ವೀರಗಲ್ಲುಗಳು ಸ್ಮರಿಸುವುದು ಕಾದಿ ಮಡಿದವರನ್ನು. ಈ ನಷ್ಟಕ್ಕೆ ಅಂತಹ ಸ್ಮಾರಕಗಳಿಲ್ಲ.

ಆಧುನಿಕ ಕಾಲ

ಸವಣೂರು ಸಂಸ್ಥಾನ 1948ರಲ್ಲಿ ಭಾರತದಲ್ಲಿ ವಿಲೀನವಾಯಿತು. ಭಾರತದ ಸಂವಿಧಾನದಲ್ಲಿ ರಕ್ಷಣಾ ಪಡೆಗಳ ಪರಮಾಧಿಕಾರ ರಾಷ್ಟ್ರಪತಿಯಲ್ಲಿದೆ. ಸೇನಾವೆಚ್ಚಕ್ಕೆ ಸಂಸತ್ತಿನ ಅನುಮೋದನೆ ಬೇಕು. ಸೇನೆ ಚುನಾಯಿತ ಸರ್ಕಾರಕ್ಕೆ ಅಧೀನವಾಗಿರುವ ಈ ವ್ಯವಸ್ಥೆ ಸೈನಿಕವಾದಕ್ಕೆ ಮುಖ್ಯ ತಡೆಯಾಗಿದೆ.