ಬೇಸಿಗೆಯಲ್ಲಿ ಕಬಿನಿ ಹಿನ್ನೀರು: ತಂಗುವ ಮುನ್ನ

ಎಚ್.ಡಿ. ಕೋಟೆ ಸೀಮೆಯ ಕಬಿನಿ ಹಿನ್ನೀರಿನ ದಂಡೆ ವರ್ಷವಿಡೀ ಒಂದೇ ಕಡೆ ಇರುವುದಿಲ್ಲ. ಬೀಚನಹಳ್ಳಿಯಲ್ಲಿ 1974ರಲ್ಲಿ ಪೂರ್ಣಗೊಂಡ ಅಣೆಕಟ್ಟೆಯ ನೀರು ಏಪ್ರಿಲ್‌, ಮೇ ತಿಂಗಳುಗಳಲ್ಲಿ ಇಳಿದಂತೆ, ಮುಳುಗಿದ್ದ ನೆಲ ತೆರೆದುಕೊಂಡು ಹುಲ್ಲು ಚಿಗುರುತ್ತದೆ. ಕಾಡು ಒಣಗಿದ ಆ ದಿನಗಳಲ್ಲಿ ನಾಗರಹೊಳೆ, ಬಂಡೀಪುರಗಳ ಆನೆಹಿಂಡುಗಳು ಅಲ್ಲಿಗಿಳಿಯುತ್ತವೆ. ಬಿಸಿಲನ್ನು ಲೆಕ್ಕಿಸದೆ ಪ್ರವಾಸಿಗರು ಬರುವುದು ಇದಕ್ಕಾಗಿಯೇ. ಆದರೆ ಮಳೆಗಾಲದ ಛಾಯಾಚಿತ್ರದಲ್ಲಿ ಜಗಲಿಗೆ ತಾಗಿದಂತೆ ಕಾಣುವ ನೀರು ಬೇಸಿಗೆಯಲ್ಲಿ ಬಹುದೂರ ಸರಿದಿರಬಹುದು. ಕೊಠಡಿ ಕಾಯ್ದಿರಿಸುವ ಮುನ್ನ ಮೊದಲು ವಿಚಾರಿಸಬೇಕಾದದ್ದು ಇದನ್ನೇ.

ಕಾರಾಪುರದ ಕಬಿನಿ ರಿವರ್ ಲಾಡ್ಜ್, ಮೈಸೂರು ಅರಸರ ಬೇಟೆಯ ಬಂಗಲೆಯಿದ್ದ ಸ್ಥಳ. ಸರ್ಕಾರಿ ಸ್ವಾಮ್ಯದ ಜಂಗಲ್ ಲಾಡ್ಜಸ್ ಸಂಸ್ಥೆ ಇದನ್ನು ನಡೆಸುತ್ತಿದೆ. ಊಟ ಮತ್ತು ಸಫಾರಿ ಸೇರಿದ ಇಲ್ಲಿನ ದರವನ್ನು ಬೇರೆಡೆಯ ಬರಿಯ ಕೊಠಡಿ ಬಾಡಿಗೆಯೊಡನೆ ಹೋಲಿಸುವುದು ತರವಲ್ಲ. ಮೌನವಷ್ಟೇ ಸಾಕೆನ್ನುವವರಿಗೆ ಸಫಾರಿಯಿಲ್ಲದ ಸಣ್ಣ ವಸತಿಯೇ ಲೇಸು. ಸಫಾರಿಗೆಂದೇ ಬರುವವರು, ಅದು ನಡೆಯುತ್ತಿದೆಯೇ ಎಂದು ಖಚಿತಪಡಿಸಿಕೊಂಡೇ ಮುಂಗಡ ಕಟ್ಟಲಿ. ಕಾಡಂಚಿನಲ್ಲಿ ಹುಲಿ ದಾಳಿಗೆ ರೈತರು ಬಲಿಯಾದ ಬಳಿಕ 2025ರ ನವೆಂಬರ್‌ನಲ್ಲಿ ನಾಗರಹೊಳೆ, ಬಂಡೀಪುರ ಎರಡರಲ್ಲೂ ಅದನ್ನು ಸ್ಥಗಿತಗೊಳಿಸಲಾಗಿತ್ತು.

ಹಿನ್ನೀರಿನಲ್ಲಿ ಮೊಸಳೆಗಳಿವೆ, ನೀರು ಎಷ್ಟೇ ಶಾಂತವಾಗಿ ಕಂಡರೂ ಮಕ್ಕಳನ್ನು ಇಳಿಸಬಾರದು. ಕೇರಳದ ಮಾನಂದವಾಡಿ ಕಡೆಯಿಂದ ಬರುವವರು ಸಂಜೆ 6ಕ್ಕೆ ಮೊದಲೇ ಕಾಡಿನ ರಸ್ತೆ ದಾಟಬೇಕು. ಅನಂತರ ಬೆಳಿಗ್ಗೆ 6ರವರೆಗೆ ಅಲ್ಲಿ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಅದೇ ಪ್ರವಾಸದಲ್ಲಿ ಕೆ.ಆರ್. ನಗರ ಸಮೀಪದ ಚುಂಚನಕಟ್ಟೆ ಜಲಪಾತವನ್ನೂ ನೋಡಬೇಕೆನ್ನುವವರು ಅದನ್ನು ಮಳೆಗಾಲಕ್ಕೆ ಉಳಿಸಿಕೊಳ್ಳುವುದು ಒಳಿತು.