ಹೊಗೆಗುಡ್ಡದ ಬುಡದಲ್ಲಿ ಡೇರೆ: 'ಕ್ಯಾಂಪು' ಎಂಬ ಮಾತಿನ ಚರಿತ್ರೆ



ಚಳಿಗಾಲ ಕಾಲಿಟ್ಟಿತೆಂದರೆ ಬಹರೈನಿನಲ್ಲಿ ನಾಲ್ಕು ಮಂದಿ ಕೂಡಿದಲ್ಲೆಲ್ಲ ಒಂದೇ ಮಾತು: "ಈ ವಾರ ಕ್ಯಾಂಪಿಗೆ ಹೋಗೋಣವೆ?" ಬೇಸಗೆಯಲ್ಲಿ ಕಾದ ಕಾವಲಿಯಂತಿದ್ದ ಸಖೀರಿನ ಬಯಲಿನಲ್ಲಿ ನವೆಂಬರಿನ ಹೊತ್ತಿಗೆ ಮಳೆ ಬಿದ್ದ ಮರುದಿನದ ಅಣಬೆಗಳಂತೆ ಬಿಳಿಯ ಡೇರೆಗಳು ಏಳುತ್ತವೆ. ಸಿತ್ರಾದಲ್ಲಿ ವಾಸವಾಗಿರುವ ನಮಗೆ ಅದು ಹೆಚ್ಚೆಂದರೆ ಅರ್ಧ ಗಂಟೆಯ ದಾರಿ. ಎಣ್ಣೆಯ ಟ್ಯಾಂಕುಗಳ ಸಾಲನ್ನು ಬೆನ್ನಿಗೆ ಹಾಕಿ, ರಿಫಾವನ್ನೂ ಅವಾಲಿಯನ್ನೂ ದಾಟಿದರೆ ಮರಳು, ಸುಣ್ಣಕಲ್ಲು, ಆಕಾಶ. ಒಂದು ರಾತ್ರಿ ಅಲ್ಲಿ ಕಳೆದು ಬಂದರೆ ವಾರವೆಲ್ಲ ಮೈ ಹಗುರ.

ಹಿಂದೊಂದು ವರ್ಷ ಇಂಥದೇ ಹೊರಸಂಚಾರಕ್ಕೆ ಹೆಸರು ಬರೆದುಕೊಳ್ಳಲು ನಮ್ಮಲ್ಲಿ ಮೂವರು ಸಿತ್ರಾದ ಕೈಗಾರಿಕಾ ಪ್ರದೇಶದಲ್ಲಿ ಕೆಲಸಗಾರರಿರುವ ಒಂದು ವಸತಿಗೆ ಹೋಗಿದ್ದೆವು. ಬಾಗಿಲಲ್ಲಿ ಕುಳಿತು ಬಟ್ಟೆ ಹಿಂಡುತ್ತಿದ್ದ ಕುಂದಾಪುರ ಕಡೆಯ ಹುಡುಗನೊಬ್ಬನಿಗೆ, "ತಮ್ಮಾ, ಕ್ಯಾಂಪಿಗೆ ಬರುತ್ತೀಯಾ?" ಎಂದು ಕೇಳಿದೆವು. ಅವನು ನಗುತ್ತ, "ಎಂತ ಅಣ್ಣ, ನಾವು ವರ್ಷವಿಡೀ ಕ್ಯಾಂಪಿನಲ್ಲೇ ಇದ್ದೇವಲ್ಲ! ಇನ್ನು ಯಾವ ಕ್ಯಾಂಪಿಗೆ ಬರುವುದು?" ಎಂದ. ನಾವೂ ನಕ್ಕೆವು. ಆದರೆ ಹಿಂದಿರುಗುವಾಗ ಕಾರಿನಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. ಒಂದೇ ಶಬ್ದ, ನಮಗೆ ವಿಹಾರ, ಅವನಿಗೆ ವಸತಿ. ಇದು ಹೇಗಾಯಿತು ಎಂದು ಯೋಚಿಸುತ್ತ ಹೋದಾಗ ನಮಗೆ ಕಂಡ ಚರಿತ್ರೆಯನ್ನು ವಾಚಕರ ಮುಂದಿಡುತ್ತಿದ್ದೇವೆ.

ಕ್ಯಾಂಪು ಎಂಬ ಶಬ್ದ ನಮಗೆ ಈ ಮರುಭೂಮಿಯಲ್ಲಿ ಹೊಸದಾಗಿ ಸಿಕ್ಕಿದ್ದಲ್ಲ. ಬೆಳಗಾವಿಯಲ್ಲಿ ದಂಡು ಇರುವ ಭಾಗಕ್ಕೆ ಕ್ಯಾಂಪು ಎಂದೇ ಹೆಸರು. ಊರೂರು ಸುತ್ತುವ ಅಧಿಕಾರಿಗಳು ಕಾಗದದ ತಲೆಯ ಮೇಲೆ 'ಕ್ಯಾಂಪ್' ಎಂದು ಬರೆದು ಆ ದಿನದ ಊರಿನ ಹೆಸರು ಕಾಣಿಸುತ್ತಿದ್ದರು. ಕರಾವಳಿಯ ಯಕ್ಷಗಾನಪ್ರಿಯರಂತೂ "ಇವತ್ತು ಮೇಳದ ಕ್ಯಾಂಪು ಎಲ್ಲಿ?" ಎಂದು ಕೇಳಿಯೇ ಸಂಜೆ ಮನೆಯಿಂದ ಹೊರಬೀಳುತ್ತಿದ್ದರು. ಇವೆಲ್ಲ ಇಂದು ಇಲ್ಲಿ, ನಾಳೆ ಅಲ್ಲಿ ಎಂಬ ತರಹದ ಬಿಡಾರಗಳು. ಆದರೆ ತುಂಗಭದ್ರೆಯ ಕಡೆಯವರಿಗೆ ಈ ಮಾತಿನ ಇನ್ನೊಂದು ಮುಖವೂ ಗೊತ್ತು. 1945ರಲ್ಲಿ ಅಣೆಕಟ್ಟಿನ ಕೆಲಸ ಆರಂಭವಾಗಿ, 1953ರಲ್ಲಿ ಕಾಲುವೆಗೆ ನೀರು ಹರಿದ ಮೇಲೆ ಗಂಗಾವತಿ, ಸಿಂಧನೂರು, ಸಿರುಗುಪ್ಪದ ಸುತ್ತ ಆಂಧ್ರದ ರೈತರು ಬಂದು ನೆಲ ಕೊಂಡು ನೆಲಸಿದರು. ಅವರ ಬಿಡಾರಗಳು ಊರುಗಳಾದವು. ಮನೆ, ಗುಡಿ, ಶಾಲೆ ಎಲ್ಲ ಎದ್ದವು. ಹೆಸರು ಮಾತ್ರ ಕ್ಯಾಂಪು ಎಂದೇ ಉಳಿಯಿತು. ಸಿಂಧನೂರಿನ ಬಳಿ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರ ಊರುಗಳನ್ನು ಇಂದಿಗೂ ಆರ್.ಎಚ್. ಕ್ಯಾಂಪುಗಳೆಂದೇ ಕರೆಯುತ್ತಾರೆ. ಒಂದು ರಾತ್ರಿಗೆಂದು ಹಾಕಿದ ಡೇರೆಯೂ ಕ್ಯಾಂಪು, ಮೂರು ತಲೆಮಾರು ಕಳೆದ ಊರೂ ಕ್ಯಾಂಪು. ಬಹರೈನಿನಲ್ಲಿ ನಡೆದದ್ದೂ ಬಹುಮಟ್ಟಿಗೆ ಹೀಗೆಯೇ.

ಎಣ್ಣೆ ಸಿಕ್ಕುವುದಕ್ಕೆ ಮೊದಲು ಈ ದ್ವೀಪದ ಜನರ ವರ್ಷ ಎರಡು ಪಾಲಾಗಿತ್ತು. ಬೇಸಗೆಯಲ್ಲಿ ಗಂಡಸರೆಲ್ಲ ದೋಣಿ ಹತ್ತಿ ಮುತ್ತಿಗಾಗಿ ಸಮುದ್ರದಲ್ಲಿ ಮುಳುಗುವುದು. ಚಳಿಗಾಲದಲ್ಲಿ ನೆಲದ ಕಡೆ ಮುಖ ಮಾಡುವುದು. ಊರಾಚೆಯ ಬಯಲಿಗೆ ಅರಬ್ಬಿಯಲ್ಲಿ 'ಬರ್' ಎನ್ನುತ್ತಾರೆ. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ ಎಂಬತ್ತು ಮಿಲಿಮೀಟರಿನ ಆಸುಪಾಸು. ನಮ್ಮ ಆಗುಂಬೆಯಲ್ಲಿ ಮುಂಗಾರಿನ ಒಂದೇ ದಿನ ಇದಕ್ಕಿಂತ ಹೆಚ್ಚು ಸುರಿಯುವುದುಂಟು. ಆ ನಾಲ್ಕು ಹನಿಗೇ ಬಯಲು ಹಸಿರಾಗಿ, ಒಂಟೆ ಆಡುಗಳಿಗೆ ಮೇವು ಹುಟ್ಟುತ್ತಿತ್ತು. ಗುಡುಗು ಸಹಿತ ಮಳೆಯಾದ ವರ್ಷ ಮರಳಿನೊಳಗೆ 'ಫಗಾ' ಎಂಬ ಗೆಡ್ಡೆಯಂತಹ ಅಣಬೆ ಸಿಗುತ್ತಿತ್ತು. ಆಡಿನ ಕೂದಲಿನಿಂದ ನೇಯ್ದ ಕಪ್ಪು ಡೇರೆ, ಎದುರಿಗೆ ಬೆಂಕಿ, ಬೆಂಕಿಯ ಮೇಲೆ ಕಾಫಿ, ಕೈಮೇಲೆ ಬೇಟೆಯ ಗಿಡುಗ: ಇದು ಇವರ ಹಿರಿಯರ ಚಳಿಗಾಲ. ಇಂದು ವಿದ್ಯುಚ್ಛಕ್ತಿಯ ದೀಪ, ಟೆಲಿವಿಷನ್ ಕಟ್ಟಿಕೊಂಡು ಡೇರೆಯಲ್ಲಿ ಕೂರುವ ಬಹರೈನಿ ಕುಟುಂಬಗಳನ್ನು ನೋಡಿ ನಮ್ಮವರು ಕೆಲವರು ನಗುತ್ತಾರೆ. ನಗಬಾರದು. ಊರ ಜಾತ್ರೆಗೆ ವಿಮಾನದಲ್ಲಿ ಹೋಗಿಬರುವ ನಾವೂ ಮಾಡುವುದು ಅದನ್ನೇ.

ಈ ಬಯಲಿನ ನಡುವೆ ನಿಂತಿರುವುದು ಜಬಲ್ ದುಖಾನ್, ಅಂದರೆ ಹೊಗೆಯ ಗುಡ್ಡ. ತೇವ ತುಂಬಿದ ದಿನಗಳಲ್ಲಿ ಸುತ್ತ ಮಬ್ಬು ಕವಿದು ಗುಡ್ಡ ಹೊಗೆಯಾಡುವಂತೆ ಕಾಣುವುದರಿಂದ ಈ ಹೆಸರು. ಎತ್ತರ ಸಮುದ್ರಮಟ್ಟದಿಂದ ಸುಮಾರು 134 ಮೀಟರ್. ಶ್ರವಣಬೆಳಗೊಳದ ದೊಡ್ಡಬೆಟ್ಟ ಊರ ನೆಲದಿಂದ ಏಳುವ ಎತ್ತರವೂ ಹೆಚ್ಚುಕಡಿಮೆ ಇಷ್ಟೇ. ಸಹ್ಯಾದ್ರಿಯ ಮಕ್ಕಳಾದ ನಮಗೆ ಇದನ್ನು ಬೆಟ್ಟವೆನ್ನಲು ನಾಚಿಕೆಯಾದೀತು. ಆದರೆ ದೇಶಕ್ಕೆಲ್ಲ ಎತ್ತರದ ಜಾಗ ಇದೇ. ನೆಲ ಒಳಗಿನಿಂದ ಗುಮ್ಮಟದಂತೆ ಉಬ್ಬಿ, ಉಬ್ಬಿನ ನೆತ್ತಿ ಕಾಲಾಂತರದಲ್ಲಿ ಸವೆದು ತಗ್ಗಾಗಿ, ತಗ್ಗಿನ ನಡುವೆ ಈ ಗುಡ್ಡ ಉಳಿದುಕೊಂಡಿದೆ. ಆ ಉಬ್ಬೇ ದೇಶದ ಭಾಗ್ಯವನ್ನು ಬರೆಯಿತು. ಅಂಥ ಉಬ್ಬಿನಡಿ ಎಣ್ಣೆ ಶೇಖರವಾಗುವುದೆಂದು ಭೂಗರ್ಭಶಾಸ್ತ್ರಜ್ಞರಿಗೆ ತಿಳಿದಿತ್ತು.

ಫ್ರಾಂಕ್ ಹೋಮ್ಸ್ ಎಂಬ ನ್ಯೂಜಿಲೆಂಡಿನ ಮೇಜರ್ 1925ರಲ್ಲಿ ಇಲ್ಲಿನ ಶೇಖರಿಂದ ಎಣ್ಣೆ ಹುಡುಕುವ ಹಕ್ಕು ಪಡೆದ. ಆ ಹಕ್ಕು ಕೈಬದಲಾಗಿ ಅಮೆರಿಕದ ಕಂಪನಿಗೆ ಸೇರಿತು. 1930ರಲ್ಲಿ ಫ್ರೆಡ್ ಡೇವಿಸ್ ಎಂಬ ಭೂಗರ್ಭಶಾಸ್ತ್ರಜ್ಞ ಗುಡ್ಡದ ಬುಡದಲ್ಲಿ ಬಾವಿಗೆ ಜಾಗ ಗುರುತಿಸಿದ. 1931ರ ಅಕ್ಟೋಬರಿನಲ್ಲಿ ಕೊರೆಯಲು ತೊಡಗಿದರು. 1932ರ ಜೂನ್ ಆರಂಭದಲ್ಲಿ ಸುಮಾರು ಎರಡು ಸಾವಿರ ಅಡಿಯ ಆಳದಿಂದ ಎಣ್ಣೆ ಚಿಮ್ಮಿತು. ಕೊಲ್ಲಿಯ ಅರಬ್ಬಿ ದಂಡೆಯಲ್ಲಿ ಸಿಕ್ಕಿದ ಮೊದಲ ಎಣ್ಣೆ ಅದು. ಸರಿಯಾದ ಸಮಯಕ್ಕೇ ಸಿಕ್ಕಿತೆನ್ನಬೇಕು; ಜಪಾನಿನ ಕೃಷಿಮುತ್ತುಗಳಿಂದಲೂ ಆರ್ಥಿಕ ಕುಸಿತದಿಂದಲೂ ಇಲ್ಲಿನ ಮುತ್ತಿನ ವ್ಯಾಪಾರ ಆಗ ನೆಲ ಕಚ್ಚಿತ್ತು. ಆ ಒಂದನೆಯ ನಂಬರಿನ ಬಾವಿ ಈಗಲೂ ಇದೆ, ಪಕ್ಕದಲ್ಲಿ 1992ರಲ್ಲಿ ತೆರೆದ ಎಣ್ಣೆಯ ವಸ್ತುಸಂಗ್ರಹಾಲಯವೂ ಇದೆ. ಡೇರೆಗೆ ಹೋದವರು ಮಕ್ಕಳಿಗೆ ಬಾವಿಯನ್ನು ತೋರಿಸದೆ ಬರಬಾರದು.

ಕೊರೆಯುವವರು ಎಲ್ಲಿ ಇದ್ದರು? ಕ್ಯಾಂಪಿನಲ್ಲಿ. ಗುಡ್ಡದ ಬುಡದ ಬಿಡಾರವೇ ಮುಂದೆ ಬೆಳೆದು, 1930ರ ದಶಕದಲ್ಲಿ ಅವಾಲಿ ಎಂಬ ಕಂಪನಿಯ ಊರಾಯಿತು. ಬೇಲಿಯೊಳಗೆ ತಂಪುಗೊಳಿಸಿದ ಮನೆಗಳು, ಆಟದ ಮೈದಾನ, ಹುಲ್ಲುಹಾಸು. ಇವು ಮುಖ್ಯವಾಗಿ ಪಾಶ್ಚಾತ್ಯ ನೌಕರರಿಗೆ. ಅದೇ ಬಯಲಿನಲ್ಲಿ ಅದೇ ಬಾವಿಗೆ ದುಡಿದ ಕೂಲಿಗಳು ಇದ್ದದ್ದು ಖರ್ಜೂರದ ಗರಿಯ 'ಬರಸ್ತಿ' ಗುಡಿಸಲುಗಳಲ್ಲಿ. ಹೀಗೆ ಕ್ಯಾಂಪು ಎಂಬ ಮಾತು ಈ ದೇಶಕ್ಕೆ ಬಂದ ದಿನವೇ ಎರಡಾಗಿ ಒಡೆದಿತ್ತೆಂದು ಹೇಳಿದರೆ ತಪ್ಪಾಗದು.

ನಮ್ಮ ಸಿತ್ರಾದ ಕಥೆಯೂ ಆಗಲೇ ತಿರುಗಿತು. ಸಿಹಿನೀರಿನ ಊಟೆಗಳು, ಖರ್ಜೂರದ ತೋಟಗಳು, ಮೀನುಗಾರರ ಹಳ್ಳಿಗಳು: ಇಷ್ಟೇ ಇದ್ದ ದ್ವೀಪ. 1934ರಲ್ಲಿ ಬಹರೈನಿನ ಎಣ್ಣೆ ಮೊದಲ ಬಾರಿಗೆ ಹಡಗೇರಿತು. 1936ರಲ್ಲಿ ಶುದ್ಧೀಕರಣ ಕಾರ್ಖಾನೆ ಆರಂಭವಾಯಿತು. ಟ್ಯಾಂಕುಗಳು ಬಂದವು, ಸಮುದ್ರದೊಳಕ್ಕೆ ಉದ್ದದ ಕಟ್ಟೆ ಬಂತು. ಊಟೆಗಳು ಬತ್ತಿದವು, ತೋಟಗಳು ಬಹುಪಾಲು ಹೋದವು. ಡೇರೆಯಿಂದ ರಾತ್ರಿ ಉತ್ತರಕ್ಕೆ ನೋಡಿದರೆ ಕಾರ್ಖಾನೆಯ ಅನಿಲದ ಜ್ವಾಲೆ ಆಕಾಶಕ್ಕೆ ಕೆಂಪು ಬಳಿಯುತ್ತದೆ. ಅದೇ ನಮ್ಮ ಮನೆಯ ದಿಕ್ಕು ಎಂದು ಮಕ್ಕಳು ಬೆರಳು ತೋರಿಸುತ್ತಾರೆ.

ಭಾರತೀಯರು ಗುಮಾಸ್ತರಾಗಿ, ಕುಶಲಕರ್ಮಿಗಳಾಗಿ ಎಣ್ಣೆಯ ಕೆಲಸಕ್ಕೆ ಬರತೊಡಗಿದ್ದೂ ಆ ಕಾಲದಲ್ಲೇ. ಆಗ ಮುಂಬಯಿಗೂ ಇಲ್ಲಿಗೂ ಬ್ರಿಟಿಷ್ ಇಂಡಿಯಾ ಕಂಪನಿಯ ಹಡಗುಗಳು ಓಡಾಡುತ್ತಿದ್ದವು. ಇಲ್ಲಿ ನಡೆಯುತ್ತಿದ್ದುದೂ ರೂಪಾಯಿಯೇ. 1965ರಲ್ಲಿ ದೀನಾರು ಬಂದಾಗ ಹತ್ತು ರೂಪಾಯಿಗೆ ಒಂದು ದೀನಾರಿನಂತೆ ಬದಲಾಯಿಸಿದರು. ಬಹರೈನು ಸ್ವತಂತ್ರವಾದದ್ದು 1971ರ ಆಗಸ್ಟ್ 15ರಂದು, ನಮ್ಮದೇ ಸ್ವಾತಂತ್ರ್ಯದ ತಾರೀಖಿನಂದು. 1973ರ ಎಣ್ಣೆಯ ಬೆಲೆಯೇರಿಕೆಯ ನಂತರ ಕಟ್ಟಡದ ಕೆಲಸ ಹೆಚ್ಚಿತು, ಆಳುಗಳು ಬೇಕಾದರು, ಲೇಬರ್ ಕ್ಯಾಂಪುಗಳು ಎದ್ದವು. ಡೆಕ್ಕಿನ ಮೇಲೆ ಚಾಪೆ ಹಾಸಿ ಬಂದವರ ಹಡಗುಗಳಲ್ಲಿ ಕೊನೆಯದಾದ 'ದ್ವಾರಕಾ' 1982ರಲ್ಲಿ ನಿಂತಿತು.

ಗುಡ್ಡದಿಂದ ಕೆಲವು ಕಿಲೋಮೀಟರು ದೂರದಲ್ಲಿ, ಸುತ್ತ ಮತ್ತೊಂದು ಗಿಡವಿಲ್ಲದ ದಿಣ್ಣೆಯ ಮೇಲೆ, ಒಂದು ಹಳೆಯ ಮರವಿದೆ. 'ಶಜರತ್ ಅಲ್ ಹಯಾತ್', ಜೀವವೃಕ್ಷ ಎಂದು ಹೆಸರು. ವಯಸ್ಸು ನಾನೂರು ವರ್ಷಕ್ಕೆ ಮೇಲೆಂದು ಎಣಿಕೆ. ಎತ್ತರ ಸುಮಾರು ಮೂವತ್ತೆರಡು ಅಡಿ. ಪ್ರವಾಸಿಗಳೆಲ್ಲ ಬೆರಗಾಗಿ ಚಿತ್ರ ತೆಗೆದುಕೊಳ್ಳುತ್ತಾರೆ. ಆದರೆ ನಮ್ಮವರಲ್ಲೇ ಅನೇಕರಿಗೆ ತಿಳಿಯದ ಸಂಗತಿ ಒಂದಿದೆ. ಸಸ್ಯಶಾಸ್ತ್ರದ ಪುಸ್ತಕಗಳು ಈ ಮರಕ್ಕೆ ಕೊಡುವ ಹೆಸರು ಪ್ರೊಸೊಪಿಸ್ ಸಿನೆರೇರಿಯಾ. ಅಂದರೆ ಶಮೀವೃಕ್ಷ, ನಮ್ಮ ಬನ್ನಿ! ಪಾಂಡವರು ಅಜ್ಞಾತವಾಸಕ್ಕೆ ಹೊರಟಾಗ ಆಯುಧಗಳನ್ನು ಕಟ್ಟಿಟ್ಟದ್ದು ಈ ಜಾತಿಯ ಮರದಲ್ಲಿ. ಮೈಸೂರಿನ ಜಂಬೂಸವಾರಿ ಹೋಗಿ ಸೇರುವುದು ಬನ್ನಿಮಂಟಪಕ್ಕೆ. ವಿಜಯದಶಮಿಯಂದು "ಬನ್ನಿ ತಗೊಂಡು ಬಂಗಾರದಂಗ ಇರೋಣ" ಎಂದು ಹಿರಿಯರ ಕೈಗೆ ನಾವು ಕೊಡುವುದು ಇದರ ಎಲೆ. ಇದನ್ನು ತಿಳಿದ ರಾತ್ರಿ ಧಾರವಾಡದ ಕಡೆಯ ಅಜ್ಜಿಯೊಬ್ಬರು ಚಪ್ಪಲಿ ಬಿಟ್ಟು ಮರಕ್ಕೆ ಕೈಮುಗಿದು ಬಂದರು. ಒಂದೇ ಒಂದು ಎಲೆ ಕೀಳಲಿಲ್ಲ. "ಅಜ್ಞಾತವಾಸದಾಗ ಇರೋ ಮರ, ಅದರ ತಂಟೆಗೆ ಹೋಗಬಾರದವ್ವಾ" ಎಂದರು. ಕಾಂಡದ ಮೇಲೆ ಹೆಸರು ಕೆತ್ತಿ ಹೋದ ನಾನಾ ದೇಶದ ವಿದ್ಯಾವಂತರಿಗಿಂತ ಆ ಅಜ್ಜಿಯ ವಿವೇಕ ದೊಡ್ಡದು.

ಈಗ ಡೇರೆ ಹಾಕುವುದೂ ಮೊದಲಿನಷ್ಟು ಸಲೀಸಲ್ಲ. ಋತುವಿನ ಆರಂಭ, ಮುಕ್ತಾಯಗಳನ್ನು ಸರಕಾರ ಪ್ರಕಟಿಸುತ್ತದೆ, ಹೆಸರು ನೋಂದಾಯಿಸಬೇಕು, ಎಣ್ಣೆ, ಅನಿಲದ ಕೊಳವೆಗಳಿಂದ ದೂರ ಇರಬೇಕು, ಬಿಡಾರ ಎತ್ತುವಾಗ ಕಸವನ್ನೂ ಎತ್ತಬೇಕು. ಸಖೀರಿನಲ್ಲಿ 2004ರಿಂದ ಮೋಟಾರು ಪಂದ್ಯದ ಹಾದಿಯೂ ಇದೆ. ಈ ಕಟ್ಟಳೆಗಳೆಲ್ಲ ಒಳ್ಳೆಯದಕ್ಕೇ. ಚಕ್ರದಡಿ ಸಿಕ್ಕಿದ ಮರಳುಗಾಡಿನ ಗಿಡ ಮತ್ತೆ ಚಿಗುರಲು ಹಲವು ಮಳೆಗಾಲ ಬೇಕು.

ಇನ್ನು ಮುಖ್ಯ ಮಾತಿಗೆ ಬರುತ್ತೇವೆ. ಮೊದಲು ಇಲ್ಲಿ ವಾರದ ರಜೆ ಗುರುವಾರ, ಶುಕ್ರವಾರ. ಆದ್ದರಿಂದ ನಮ್ಮ ಹೊರಸಂಚಾರ ಗುರುವಾರ ಸಂಜೆ ಹೊರಟು ಶುಕ್ರವಾರ ಸಂಜೆಗೆ ಮುಗಿಯುತ್ತಿತ್ತು. ಆರು ದಿನ ದುಡಿದು ಶುಕ್ರವಾರವೊಂದೇ ರಜೆ ಪಡೆಯುವವರೂ ಪಾತ್ರೆಪಡಗ, ಸೀಮೆಯೆಣ್ಣೆಯ ಒಲೆ ಹೊತ್ತು ನಮ್ಮೊಡನೆ ಬರುತ್ತಿದ್ದರು. ಬೆಂಕಿಯ ಸುತ್ತ ತಾಳಮದ್ದಳೆ ಆಗುತ್ತಿತ್ತು. ಹಗಲು ಕಬ್ಬಿಣ ಬಗ್ಗಿಸುವವನು ರಾತ್ರಿ ಕೌರವನಾಗಿ ಅರ್ಥ ಹೇಳುವಾಗ ಇಂಜಿನಿಯರು ಕೈಕಟ್ಟಿ ಕೇಳುತ್ತಿದ್ದ. 2006ರ ಸೆಪ್ಟೆಂಬರಿನಲ್ಲಿ ರಜೆ ಶುಕ್ರವಾರ, ಶನಿವಾರಕ್ಕೆ ಬದಲಾಯಿತು. ನಮ್ಮ ಡೇರೆಯೂ ಶುಕ್ರವಾರ ರಾತ್ರಿಗೆ ಸರಿಯಿತು. ಯಾರೂ ಯಾರನ್ನೂ ಬೇಡವೆನ್ನಲಿಲ್ಲ. ಶನಿವಾರ ನಸುಕಿನಲ್ಲಿ ಕೆಲಸದ ಬಸ್ಸು ಹತ್ತಬೇಕಾದವರು ತಾವಾಗಿಯೇ ನಿಂತುಹೋದರು, ಅಷ್ಟೆ. ಅವರು ಬರಲಿಲ್ಲವೇಕೆ ಎಂದು ನಾವೂ ಕೇಳಲಿಲ್ಲ. ಆ ಕುಂದಾಪುರದ ಹುಡುಗನ ತಮಾಷೆಯ ಹಿಂದೆ ಇದ್ದದ್ದು ಇದು. "ಶನಿವಾರ ಡ್ಯೂಟಿ ಉಂಟು ಅಣ್ಣ" ಎಂದು ನೇರವಾಗಿ ಹೇಳುವ ಬದಲು ಅವನು ನಗಿಸಿ ಕಳಿಸಿದ್ದ.

ಆದುದರಿಂದ ಸದಸ್ಯರಲ್ಲಿ ನಮ್ಮ ವಿನಂತಿ ಇಷ್ಟು. ಮುಂದಿನ ಹೊರಸಂಚಾರ ಮೊದಲಿನಂತೆ ಗುರುವಾರ ರಾತ್ರಿಗೇ ಹೊರಡಲಿ. ಕಚೇರಿ ಮುಗಿಸಿ ದಣಿದು ಬರುವ ನಮಗೆ ಸ್ವಲ್ಪ ತೊಂದರೆಯಾದೀತು, ಅಡಿಗೆಯ ಸಿದ್ಧತೆ ಬುಧವಾರವೇ ಮಾಡಬೇಕಾದೀತು, ಆಗಲಿ. ಬಸ್ಸು ಮೊದಲು ಸಿತ್ರಾದ ವಸತಿಗಳ ಬಾಗಿಲಿಗೆ ಹೋಗಿ, ಆಮೇಲೆ ನಮ್ಮ ಮನೆಗಳಿಗೆ ಬರಲಿ. ಹೊಗೆಗುಡ್ಡದ ಬುಡದಲ್ಲಿ ಒಂದು ಕಾಲಕ್ಕೆ ಬೇಲಿಯೊಳಗೊಂದು, ಬೇಲಿಯಾಚೆಗೊಂದು ಎಂದು ಎರಡು ಕ್ಯಾಂಪುಗಳಿದ್ದವು. ಆ ಬೇಲಿಯನ್ನು ಹಾಕಿದವರು ನಾವಲ್ಲ. ಆದರೆ ರಜೆಯ ತಾರೀಖಿನಿಂದ ನಾವೇ ಹಾಕಿಕೊಂಡ ಬೇಲಿಯನ್ನು ಕೀಳುವುದು ನಮ್ಮ ಕೈಯಲ್ಲಿದೆ. ಬರುವವರು ಒಂದು ಕಂಬಳಿ, ಒಂದು ತಟ್ಟೆ, ಒಂದು ಲೋಟ ತಂದರೆ ಸಾಕು. ಮದ್ದಳೆಯನ್ನು ನಾವು ತರುತ್ತೇವೆ.